ಡೀಸೆಲ್ ಪಿಕಪ್ಪೇ ಯಾಕೆ ಅಂತ ಕೇಳ್ದೋರಿಗೆ

ಎಲ್ರಿಗೂ ನಮಸ್ಕಾರ, ಪೆಟ್ರೋಲೋ ಡೀಸೆಲ್ಲೋ ಅಂತ ಗ್ರೂಪಲ್ಲಿ ದಿನಾ ಕೇಳ್ತಾ ಇದೀರಿ, ಅದಕ್ಕೆ ಒಂದೇ ಸಲ ಹಾಕ್ತಿದೀನಿ. ನಿನ್ನೆ ನನ್ ಡೀಸೆಲ್ ಪಿಕಪ್ಪಲ್ಲಿ ಚನ್ನಗಿರಿ ಕಡೆಯಿಂದ ಮೆಕ್ಕೆಜೋಳದ ಚೀಲ ತುಂಬ್ಕೊಂಡು ದಾವಣಗೆರೆ ಎಪಿಎಂಸಿಗೆ ಹೊಂಟಿದ್ದೆ, ಹೊಲದ ಬದು ಹತ್ತಿಸೋವಾಗ ಹಿಂದಿನ ಗಾಲಿ ಮಣ್ಣಲ್ಲಿ ಅರ್ಧ ಹೂತೋಯ್ತು, ಫಸ್ಟ್ ಗೇರಲ್ಲಿ ಕ್ಲಚ್ ಮೆಲ್ಲಗೆ ಬಿಟ್ಟೆ, ಆಕ್ಸಿಲೇಟರ್ ಜಾಸ್ತಿ ಒತ್ತದೇನೇ ಗುರ್ರ್ ಅಂತ ಎದ್ದು ಬಂತು ನೋಡ್ರಪ. ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಗಾಳೀನ ಅಮುಕಿ ಅಮುಕಿ ಕಾಯಿಸ್ತೈತೆ, ಆ ಬಿಸಿಗೇ ಡೀಸೆಲ್ ಹೊತ್ಕೊಂತೈತೆ, ಮೇಲೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬೋ ಟರ್ಬೋ ಬೇರೆ, ಅದಕ್ಕೇ ಇಂಜಿನ್ ನಿಧಾನಕ್ಕೆ ತಿರುಗೋವಾಗ, ಅಂದ್ರೆ ಕಮ್ಮಿ ಆರ್‌ಪಿಎಂನಲ್ಲೇ ಟಾರ್ಕ್, ಅಂದ್ರೆ ಎಳೆಯೋ ಶಕ್ತಿ, ಸಿಗೋದು. ಮೈಲೇಜೂ ಜಾಸ್ತಿ, ಲೀಟರ್ ರೇಟೂ ಪೆಟ್ರೋಲ್‌ಗಿಂತ ಕಮ್ಮಿ.

ಆದ್ರೆ ಬರೀ ಊರೊಳಗೆ ದಿನಕ್ಕೆ ನಾಕೈದು ಕಿಲೋಮೀಟರ್ ಓಡ್ಸೋರಿಗೆ ಬ್ಯಾಡ. 2020ರ ಏಪ್ರಿಲ್‌ನಲ್ಲಿ ಹೊಗೆ ಕಮ್ಮಿ ಮಾಡೋ ಬಿಎಸ್6 ರೂಲ್ ಬಂದ್ಮೇಲೆ ಸುಮಾರು ಡೀಸೆಲ್ ಗಾಡಿಗೆ ಮಸಿ ಹಿಡಿಯೋ ಫಿಲ್ಟರ್ ಐತೆ, ಅದು ಸುಟ್ಟು ಕ್ಲೀನ್ ಆಗಕ್ಕೆ ಇಂಜಿನ್ ಚೆನ್ನಾಗಿ ಕಾಯ್ಬೇಕು. ನನ್ ಗಾಡೀಲಿ ಆ ಫಿಲ್ಟರ್ ಲೈಟ್ ಹತ್ತಿದಾಗ ಚಿತ್ರದುರ್ಗದವರೆಗೂ ಹೈವೇ 48ರಲ್ಲಿ ಒಂದೇ ಸಮ ಓಡಿಸ್ದೆ, ಆರಿತು.

ಸೆಕೆಂಡ್ ಹ್ಯಾಂಡ್ ನೋಡೋರು ಬೆಳಿಗ್ಗೆ ಇಂಜಿನ್ ತಣ್ಣಗಿರೋವಾಗ್ಲೇ ಸ್ಟಾರ್ಟ್ ಮಾಡ್ಸಿ ನೋಡ್ರಿ, ಸ್ಟಾರ್ಟಿಂಗ್ ತೊಂದ್ರೆ ಇದ್ರೆ ಆಗ್ಲೇ ಗೊತ್ತಾಗೋದು, ಮೊದ್ಲೇ ಬಿಸಿ ಮಾಡಿ ಇಟ್ಟಿದ್ರೆ ಚಾ ಕುಡ್ದು ಸುಮ್ನೆ ವಾಪಸ್ ಬನ್ರಿ.