ಓಟ್ಸ್ ಮೇವಿನ ಬೀಜ ಅಕ್ಟೋಬರ್‌ನಲ್ಲೇ ಸಿಗಲಿ

ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು, ಸಿರುಗುಪ್ಪ ಭಾಗದಲ್ಲಿ ಬೇಸಿಗೆಗೆ ಮೊದಲೇ ಹಸಿ ಮೇವು ತೀರಿ, ಹಾಲು ಕರೆಯುವ ರಾಸುಗಳಿಗೂ ಭತ್ತದ ಹುಲ್ಲೇ ಗತಿಯಾಗುತ್ತಿದೆ. ಆ ಹುಲ್ಲಿನಲ್ಲಿ ಸಸಾರಜನಕ ಶೇ 3–4ರಷ್ಟು ಮಾತ್ರ; ಹೊಟ್ಟೆ ತುಂಬುತ್ತದೆ, ಹಾಲು ಏರುವುದಿಲ್ಲ. ಕೊಳವೆಬಾವಿ ಇರುವವರು ಹತ್ತು ಗುಂಟೆಯಲ್ಲಾದರೂ ಹಸಿ ಮೇವಿಗಾಗಿ ಓಟ್ಸ್ ಬೆಳೆಯಬಹುದು.

ಆದರೆ ಓಟ್ಸ್ ಚಳಿಗಾಲದ ಬೆಳೆ; ನಮ್ಮಲ್ಲಿ ಚಳಿಗಾಲ ಚಿಕ್ಕದು. ನವೆಂಬರ್ ಮಧ್ಯದೊಳಗೆ ಬಿತ್ತಿದರೆ ಎರಡು ಕೊಯ್ಲು ಸಿಗುತ್ತವೆ. ಭತ್ತ ಕಟಾವಾಗಲಿ ಎಂದು ಡಿಸೆಂಬರ್ ಕೊನೆಯವರೆಗೆ ಕಾದರೆ, ಫೆಬ್ರುವರಿ ಬಿಸಿಲಿಗೆ ಬೇಗ ತೆನೆ ಬಿಟ್ಟು ಒಂದೇ ಕೊಯ್ಲಿಗೆ ಮುಗಿಯುತ್ತದೆ. ಎಕರೆಗೆ ಸುಮಾರು 40 ಕೆ.ಜಿ. ಬೀಜ, ಸಾಲಿನ ಅಂತರ 25–30 ಸೆಂ.ಮೀ. ಮೊದಲ ಕೊಯ್ಲು 50–55 ದಿನಕ್ಕೆ, ನೆಲದಿಂದ ನಾಲ್ಕು ಬೆರಳು ಮೇಲೆ; ಬುಡಕ್ಕೇ ಕುಡುಗೋಲು ಹಾಕಿದರೆ ಮರುಚಿಗುರು ಸರಿಯಾಗಿ ಬರದು. ಯೂರಿಯಾ ಹೆಚ್ಚು ಚೆಲ್ಲಿ, ನೀರು ತಪ್ಪಿಸಿದ ಬೆಳೆಯಲ್ಲಿ ನೈಟ್ರೇಟ್ ಸೇರಿಕೊಂಡು ದನಕ್ಕೆ ವಿಷವಾಗಬಹುದು. ಒಣ ಹುಲ್ಲಿನೊಂದಿಗೆ ಬೆರೆಸಿಯೇ ಹಾಕುವುದು ಕ್ಷೇಮ.

ತಿನ್ನುವ ಓಟ್ಸ್‌ಗೆ ಅಂಗಡಿಯಲ್ಲಿ ಬೆಲೆಯಿದೆ ಎಂದು ಕಾಳಿಗಾಗಿ ಬೆಳೆಯಲು ಹೊರಡುವುದು ಬೇಡ. ಕಾಳಿಗೆ ಬಿಗಿದ ಸಿಪ್ಪೆ ಬಿಡಿಸಿ, ಹಬೆ ಕೊಟ್ಟು, ಅವಲಕ್ಕಿಯಂತೆ ಒತ್ತಬೇಕು. ಬರೀ ಅಕ್ಕಿ ಗಿರಣಿಯಿಂದ ಅದು ಆಗದು.

ಕೃಷಿ ಮತ್ತು ಪಶುಸಂಗೋಪನಾ ಇಲಾಖೆಗಳು ಕೆಂಟ್‌ನಂತಹ ಮೇವಿನ ತಳಿಯ ಬೀಜವನ್ನು, ಹತ್ತು ಗುಂಟೆಗೆ ಸಾಕಾಗುವ 10 ಕೆ.ಜಿ. ಚೀಲಗಳಲ್ಲಿ, ರೈತ ಸಂಪರ್ಕ ಕೇಂದ್ರ ಹಾಗೂ ಪಶು ಆಸ್ಪತ್ರೆಗಳ ಮೂಲಕ ಅಕ್ಟೋಬರ್ ಮೊದಲ ವಾರದಲ್ಲೇ ವಿತರಿಸಲಿ.

– ಓರ್ವ ಓದುಗ, ಗಂಗಾವತಿ, ಕೊಪ್ಪಳ ಜಿಲ್ಲೆ