ಕನಸಿಗೆ ಸಿದ್ಧ ಅರ್ಥಕೋಶವಿಲ್ಲ

ಮಾನ್ಯ ಸಂಪಾದಕರೇ,

ಮನಸ್ಸಿನ ಕುರಿತು ಪತ್ರಿಕೆಗಳಲ್ಲಿ ಬರುವ ಬರಹಗಳಲ್ಲಿ ಎರಡು ಮಾತು ಪದೇ ಪದೇ ಕಾಣುತ್ತವೆ. ಕನಸಿನಲ್ಲಿ ಹಾವು ಕಂಡರೆ ಇಂಥ ಅರ್ಥ, ನೀರು ಕಂಡರೆ ಇಂಥದ್ದು ಎಂಬ ಪಟ್ಟಿ ಒಂದು. ಸುಪ್ತಮನಸ್ಸಿನಲ್ಲಿ ಹೂತುಹೋದ ಘಟನೆಯನ್ನು ಚಿಕಿತ್ಸಕರು ಹೊರತೆಗೆದ ಕೂಡಲೇ ಕಾಯಿಲೆ ವಾಸಿ ಎನ್ನುವುದು ಇನ್ನೊಂದು. ಎರಡನ್ನೂ ಮನೋವಿಶ್ಲೇಷಣೆ ಎಂಬ ಮಾತಿನ ಚಿಕಿತ್ಸೆಯನ್ನು ಹುಟ್ಟುಹಾಕಿದ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಹೆಸರಿಗೆ ಅಂಟಿಸುತ್ತಾರೆ. ಮನೋವಿಶ್ಲೇಷಣೆಯ ಕೆಲಸ ನಡೆಯುವ ಬಗೆಯೇ ಬೇರೆ.

ಸುಪ್ತಮನಸ್ಸು ಎಂದರೆ ಮುಚ್ಚಿಟ್ಟ ಉಗ್ರಾಣವಲ್ಲ. 1916–17ರ ಉಪನ್ಯಾಸಗಳಲ್ಲಿ ಫ್ರಾಯ್ಡ್ ಕೊಟ್ಟ ಚಿತ್ರವನ್ನೇ ನೋಡಿ: ಹೊರಗೊಂದು ದೊಡ್ಡ ಪಡಸಾಲೆ, ಅಲ್ಲಿ ಬಯಕೆಗಳ ನೂಕುನುಗ್ಗಲು, ಒಳಗೊಂದು ಚಿಕ್ಕ ಕೋಣೆ, ಅಲ್ಲಿ ಪ್ರಜ್ಞೆಯ ವಾಸ, ನಡುವಿನ ಹೊಸ್ತಿಲಲ್ಲಿ ಕಾವಲುಗಾರ. ಅವನು ವಾಪಸು ಕಳಿಸಿದ್ದು ಸುಮ್ಮನಿರುವುದಿಲ್ಲ, ವೇಷ ಬದಲಿಸಿ ಮತ್ತೆ ಬರುತ್ತದೆ: ಬಾಯ್ತಪ್ಪಾಗಿ, ಕನಸಾಗಿ, ಕಾರಣ ತಿಳಿಯದ ಭಯವಾಗಿ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬ ನಮ್ಮ ಗಾದೆ ಇಂಥದೇ ಒಂದು ವೇಷದ ವರ್ಣನೆ. ಇನ್ನೂ ಮುಖ್ಯವಾದ ಮಾತನ್ನು ಫ್ರಾಯ್ಡ್ 1923ರಲ್ಲಿ ಹೇಳಿದರು: ತಡೆಯುವ ಕೆಲಸವೂ ನಮಗೆ ಅರಿವಿಲ್ಲದೆಯೇ ನಡೆಯುತ್ತದೆ. ಆದ್ದರಿಂದ 'ಏನನ್ನು ಮುಚ್ಚಿಡುತ್ತಿದ್ದೀರಿ?' ಎಂದು ನೇರವಾಗಿ ಕೇಳಿ ಪ್ರಯೋಜನವಿಲ್ಲ.

ಪದ್ಧತಿ ಮೇಲ್ನೋಟಕ್ಕೆ ಸರಳ. ಶಾಸ್ತ್ರೀಯ ವಿಶ್ಲೇಷಣೆಯಲ್ಲಿ ವಾರಕ್ಕೆ ನಾಲ್ಕೈದು ದಿನ, ಮಂಚದ ಮೇಲೆ ಮಲಗಿ. ಇಂದು ಹೆಚ್ಚು ಬಳಕೆಯಲ್ಲಿರುವ ರೂಪದಲ್ಲಿ ವಾರಕ್ಕೆ ಒಂದೆರಡು ಬಾರಿ, ಎದುರುಬದುರು ಕುಳಿತು. ಪ್ರತಿ ಭೇಟಿ ಸುಮಾರು 45–50 ನಿಮಿಷ. ಮನಸ್ಸಿಗೆ ಬಂದದ್ದನ್ನು, ಅಸಂಬದ್ಧವೆನಿಸಿದರೂ ನಾಚಿಕೆಯೆನಿಸಿದರೂ, ಆರಿಸದೆ ಹೇಳಬೇಕು. ಯಾರಿಂದಲೂ ಇದು ಪೂರ್ತಿ ಆಗುವುದಿಲ್ಲ. ಎಲ್ಲಿ ಮಾತು ಕಡಿಯುತ್ತದೋ ಅಲ್ಲೇ ಕಾವಲುಗಾರನ ಸುಳಿವು ಸಿಗುತ್ತದೆ. ವೇಳೆಯ ಬಗ್ಗೆ ಚಿಕಿತ್ಸಕರು ಕಟ್ಟುನಿಟ್ಟಾಗಿರುವುದು ಗತ್ತಿಗಲ್ಲ. ಗೆರೆ ನೇರವಿದ್ದರೆ ತಾನೇ ಸೊಟ್ಟ ಕಾಣುವುದು?

ಒಂದು ಉದಾಹರಣೆ. ಎರಡು ವಾರ ರಜೆ ಎಂದು ಚಿಕಿತ್ಸಕರು ಹೇಳುತ್ತಾರೆ. 'ಅಯ್ಯೋ, ಪರವಾಗಿಲ್ಲ ಬಿಡಿ' ಎಂದು ನಗುತ್ತಾ ಎದ್ದವರು ಮುಂದಿನ ಭೇಟಿಗೆ ಇಪ್ಪತ್ತು ನಿಮಿಷ ತಡ. ಹೇಳಲು ಏನೂ ಇಲ್ಲ ಎನ್ನುತ್ತಾರೆ. ಶುಲ್ಕ ತರುವುದೂ ಮರೆತಿರುತ್ತದೆ. ಆಗ 'ನಿಮಗೆ ಬಾಲ್ಯದಲ್ಲಿ ತಾಯಿ ಬಿಟ್ಟುಹೋದ ನೋವಿದೆ' ಎಂದು ತೀರ್ಪು ಕೊಡುವ ಚಿಕಿತ್ಸಕರು ಕೆಲಸ ಕೆಡಿಸುತ್ತಾರೆ. 'ರಜೆಯ ಮಾತಿಗೂ ಇವತ್ತಿನ ತಡಕ್ಕೂ ನಂಟಿದೆಯೇನೋ' ಎಂದಷ್ಟೇ ಹೇಳಿ ಕಾಯಬೇಕು. ರಜೆಯ ಮಾತು ಕೆರಳಿಸಿದ ಕೋಪ ಮೊದಲು ಈ ಕೋಣೆಯಲ್ಲಿ, ಈ ಚಿಕಿತ್ಸಕರ ಮೇಲೆ ಕಾಣಬೇಕು. ಹಳೆಯದು ತಾನಾಗಿ ಹಿಂದೆಯೇ ಬರುತ್ತದೆ. ಹಳೆಯ ಸಂಬಂಧದ ಭಾವ ಹೀಗೆ ಚಿಕಿತ್ಸಕರ ಮೇಲೆ ಹೊರಳುವುದಕ್ಕೆ ಭಾವವರ್ಗಾವಣೆ ಎನ್ನುತ್ತಾರೆ. ಅದನ್ನು ಸಕಾಲದಲ್ಲಿ ಗುರುತಿಸದ ಫ್ರಾಯ್ಡ್ ಅವರೇ 1900ರಲ್ಲಿ 'ಡೋರಾ' ಎಂಬ ಗುಪ್ತನಾಮದ ತರುಣಿಯನ್ನು ಸುಮಾರು ಮೂರು ತಿಂಗಳಲ್ಲಿ ಕಳೆದುಕೊಂಡರು. 1905ರಲ್ಲಿ ಅದನ್ನು ಬರೆದು ಒಪ್ಪಿಕೊಂಡರು ಕೂಡ.

ಅವಸರದ ಅರ್ಥವಿವರಣೆಯನ್ನು ಅವರು 1910ರಲ್ಲಿ ಬರಗಾಲದಲ್ಲಿ ಹಸಿದವರಿಗೆ ಊಟದ ಪಟ್ಟಿ ಹಂಚುವುದಕ್ಕೆ ಹೋಲಿಸಿದ್ದರು. ತಿಳಿವಳಿಕೆ ತಲೆಗೆ ಇಳಿದರೂ ರೂಢಿ ಬದಲಾಗದು. ಅದೇ ಅಂಶವನ್ನು ರಜೆಯಲ್ಲಿ, ಜಗಳದಲ್ಲಿ, ಮೌನದಲ್ಲಿ ಹತ್ತಾರು ಸಲ ಕಾಣಬೇಕಾಗುತ್ತದೆ. ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಹಿಡಿಯುವುದು ಇದಕ್ಕೇ.

ಕನಸಿಗೂ ಇದೇ ಕ್ರಮ. ಅದನ್ನು ತುಂಡು ತುಂಡಾಗಿ ಬಿಡಿಸಿ, ಪ್ರತಿ ತುಂಡಿಗೂ ಕನಸು ಕಂಡವರಿಗೇ ಏನು ನೆನಪಾಗುತ್ತದೆಂದು ಕೇಳಬೇಕು. ಹಾವು ಒಬ್ಬರಿಗೆ ಭಯ, ಇನ್ನೊಬ್ಬರಿಗೆ ಹಿಂದಿನ ದಿನ ಕಂಡ ಚಿತ್ರ. ಸರ್ವಸಾಮಾನ್ಯ ಸಂಕೇತಗಳಿವೆ ಎಂದು ಫ್ರಾಯ್ಡ್ ಕೂಡ ಒಪ್ಪಿದ್ದರು ನಿಜ, ಆದರೆ ಅವು ಅವರಿಗೆ ಊರುಗೋಲು ಮಾತ್ರ.

ಇಂಥ ಲೇಖನಗಳು ಬಿಟ್ಟುಬಿಡುವ ಇನ್ನೊಂದು ವಿಷಯವಿದೆ. ಇದು ಎಲ್ಲರಿಗೂ, ಎಲ್ಲ ಹೊತ್ತಿನಲ್ಲೂ ಸಲ್ಲುವ ಚಿಕಿತ್ಸೆಯಲ್ಲ. ಇಲ್ಲದ ದನಿ ಕೇಳಿಸುತ್ತಿರುವವರಿಗೆ, ಆತ್ಮಹತ್ಯೆಯ ಯೋಚನೆ ತೀವ್ರವಾಗಿರುವವರಿಗೆ ಮೊದಲು ಬೇಕಾದದ್ದು ಮನೋವೈದ್ಯರು ಮತ್ತು ಸುರಕ್ಷತೆ. ಮಂಚದ ಮಾತು ಆಮೇಲೆ. ಕೈ ತೊಳೆದಷ್ಟೂ ಸಾಲದೆನಿಸುವ ಗೀಳಿಗೆ ಮನೋಚಿಕಿತ್ಸೆಗಳಲ್ಲಿ ವರ್ತನಾ ಚಿಕಿತ್ಸೆಯೇ ಮೊದಲ ಆಯ್ಕೆ. ಚಿಕಿತ್ಸಕರನ್ನು ಹುಡುಕುವವರು ಅವರು ತಾವೂ ವಿಶ್ಲೇಷಣೆಗೆ ಒಳಗಾಗಿದ್ದಾರೆಯೇ, ಹಿರಿಯರ ಮೇಲ್ವಿಚಾರಣೆಯಲ್ಲಿ ಕೆಲಸ ಕಲಿತಿದ್ದಾರೆಯೇ ಎಂದು ಸಂಕೋಚವಿಲ್ಲದೆ ಕೇಳಬಹುದು. ಮೊದಲ ಭೇಟಿಯಲ್ಲೇ ನಿಮ್ಮ ಕನಸಿನ ಅರ್ಥ ಹೇಳಿಬಿಟ್ಟವರ ಬಳಿ ಎರಡನೇ ಭೇಟಿಗೆ ಹೋಗಬೇಕಿಲ್ಲ.

– ಮನೋಚಿಕಿತ್ಸಕರೊಬ್ಬರು