ಚದರಡಿ ಲೆಕ್ಕ ಸರಿಯಾಗಿ ಹೇಳಲಿ

ಮಾನ್ಯ ಸಂಪಾದಕರೇ,

ನಾನು ಲ್ಯಾಬ್ ಟೆಕ್ನಿಷಿಯನ್. ನಿಟುವಳ್ಳಿಯಲ್ಲಿ ಬಾಡಿಗೆ ರೂಮಿನಲ್ಲಿದ್ದೇನೆ. ಮೊನ್ನೆ ಹದಡಿ ರಸ್ತೆ ಕಡೆ ಒಂದೇ ಕೋಣೆಯ ಸ್ಟುಡಿಯೋ ಫ್ಲ್ಯಾಟ್ ನೋಡಲು ಅಮ್ಮನ ಜೊತೆ ಹೋಗಿದ್ದೆ. ಮಾರುವವರು ಕೊಟ್ಟ ಹಾಳೆಯಲ್ಲಿ 450 ಚದರಡಿ ಎಂದಿತ್ತು. ಅಮ್ಮ ಚೀಲದಿಂದ ಹೊಲಿಗೆ ಟೇಪು ತೆಗೆದು ಗೋಡೆಯಿಂದ ಗೋಡೆಗೆ ಅಳೆದಳು. ಅಡುಗೆ ಕಟ್ಟೆ, ಬಚ್ಚಲು ಎಲ್ಲಾ ಸೇರಿ 300 ಚದರಡಿಯೂ ಇಲ್ಲ! ಉಳಿದದ್ದು ಮೆಟ್ಟಿಲು, ಲಿಫ್ಟಿನ ಪಾಲಂತೆ. ಮಂಚ ಹಾಕಿದರೆ ಬೀರು ಬಾಗಿಲು ತೆಗೆಯಲು ಜಾಗವಿಲ್ಲ.

ಮನೆ ಕೊಳ್ಳುವವರ ಹಿತ ಕಾಯುವ 2016ರ ರೇರಾ ಕಾಯ್ದೆ ಇರುವುದೇ ಇದಕ್ಕೆ. ಹೊರಗೋಡೆ, ಬಾಲ್ಕನಿ ಬಿಟ್ಟು ಒಳಗೆ ಬಳಸಲು ಸಿಗುವ ಕಾರ್ಪೆಟ್ ಏರಿಯಾ ಎಷ್ಟೆಂದು ಹೇಳಬೇಕು. ಜಾಹೀರಾತಿನಲ್ಲಿ ರೇರಾ ನೋಂದಣಿ ಸಂಖ್ಯೆಯೂ ಇರಬೇಕು. ಸಂಖ್ಯೆ ಕೇಳಿದರೆ ಅವರು ಮಾತು ತಿರುಗಿಸಿದರು. 'ಎಲ್ಲರೂ ಹೀಗೇ ಮಾರೋದು ಮೇಡಂ' ಎಂದರು.

ಮುಂಗಡ ಕೊಡದೆ ವಾಪಸ್ ಬಂದೆ. ಆಸೆ ಮಾತ್ರ ಹೋಗಿಲ್ಲ. ರಾತ್ರಿ ಡ್ಯೂಟಿ ಮುಗಿಸಿ ಬಂದಾಗ ಬೀಗ ತೆಗೆಯಲು ನನ್ನದೇ ಒಂದು ಬಾಗಿಲು ಬೇಕು ಅಲ್ವಾ? ಚಿಕ್ಕದಾದರೂ ಪರವಾಗಿಲ್ಲ. ಎಷ್ಟು ಚಿಕ್ಕದು ಎಂದು ಮೊದಲೇ ದಪ್ಪ ಅಕ್ಷರದಲ್ಲಿ ಹಾಕಲಿ.

– ಓದುಗಿ, ನಿಟುವಳ್ಳಿ, ದಾವಣಗೆರೆ